ಹೊಳೆಯ ಲೆಕ್ಕ ಬಯಲಿಗೆ ಬರಲಿ

ಮಲೆನಾಡಿನಲ್ಲಿ ದೊಡ್ಡ ಯೋಜನೆಯೊಂದರ ಮಾತು ಎದ್ದಾಗಲೆಲ್ಲ ಒಂದು ಪದ ಎರಡೂ ಕಡೆಯಿಂದ ಕೇಳಿಬರುತ್ತದೆ. ವಿರೋಧಿಸುವವರು ಯೋಜನೆಯನ್ನು ‘ಅವೈಜ್ಞಾನಿಕ’ ಎನ್ನುತ್ತಾರೆ. ಸಮರ್ಥಿಸುವವರು ಆ ವಿರೋಧವೇ ಅವೈಜ್ಞಾನಿಕ ಎನ್ನುತ್ತಾರೆ. ವಿಜ್ಞಾನವು ಹೀಗೆ ಒಬ್ಬರ ಪಾಲಿಗೆ ಬೈಗುಳವೂ ಇನ್ನೊಬ್ಬರ ಪಾಲಿಗೆ ಸರ್ಕಾರಿ ಮೊಹರೂ ಆದಾಗ ಅದರ ನಿಜವಾದ ಕೆಲಸ ನಿಂತುಹೋಗುತ್ತದೆ. ಎತ್ತಿನಹೊಳೆ ಯೋಜನೆ ಇದಕ್ಕೆ ತಕ್ಕ ನಿದರ್ಶನ.

ಸಕಲೇಶಪುರದ ಘಟ್ಟದಲ್ಲಿ ಹುಟ್ಟಿ ನೇತ್ರಾವತಿಯತ್ತ ಹರಿಯುವ ಹಳ್ಳಗಳ ಮಳೆಗಾಲದ ನೀರನ್ನು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಜಿಲ್ಲೆಗಳಿಗೆ ಒಯ್ಯುವುದು ಈ ಯೋಜನೆಯ ಉದ್ದೇಶ. 2012ರಲ್ಲಿ 8,323 ಕೋಟಿ ರೂಪಾಯಿಯಿದ್ದ ಅಂದಾಜು ವೆಚ್ಚ 2023ರಲ್ಲಿ 23,251 ಕೋಟಿಗೆ ಏರಿತು. ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಗೊಂಡಿತು. ಆದರೆ ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಿದ್ದ ಪ್ರಶ್ನೆ, ಅಂದರೆ ಹೊಳೆಯಲ್ಲಿ ನೀರೆಷ್ಟು ಎಂಬುದು, ವಿವಾದವಾಗಿಯೇ ಉಳಿಯಿತು. ಯೋಜನಾ ವರದಿಯ ಪ್ರಕಾರ ವರ್ಷಕ್ಕೆ 24.01 ಟಿಎಂಸಿ ನೀರು ಲಭ್ಯ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2015ರಲ್ಲಿ ನೀಡಿದ ಅಂದಾಜಿನಂತೆ ಆ ಜಲಾನಯನದ ಒಟ್ಟು ಇಳುವರಿಯೇ ಸುಮಾರು 9.5 ಟಿಎಂಸಿ.

ಈ ಎರಡು ಅಂಕಿಗಳಲ್ಲಿ ಯಾವುದನ್ನು ನಂಬಬೇಕು? ಹೇಳಿದವರ ಪದವಿ ನೋಡಿ ನಂಬಬೇಕಾಗಿಲ್ಲ. ಪ್ರೌಢಶಾಲೆಯ ಗಣಿತ ಬಲ್ಲ ಯಾವ ವಿದ್ಯಾರ್ಥಿಯಾದರೂ ಪರೀಕ್ಷೆಗೆ ತೊಡಗಬಹುದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. 24 ಟಿಎಂಸಿ ಎಂದರೆ ಸುಮಾರು 68 ಕೋಟಿ ಘನ ಮೀಟರ್. ನೀರು ಸಂಗ್ರಹವಾಗುವ ಪ್ರದೇಶದ ವಿಸ್ತಾರ ಸುಮಾರು 180 ಚದರ ಕಿಲೋಮೀಟರ್. ಅಷ್ಟು ನೀರನ್ನು ಅಷ್ಟು ನೆಲದ ಮೇಲೆ ಸಮನಾಗಿ ಹರಡಿದರೆ ಅದರ ಆಳ 3,700 ಮಿಲಿಮೀಟರನ್ನೂ ಮೀರುತ್ತದೆ. ಆ ಘಟ್ಟದಲ್ಲಿ ಬೀಳುವ ಮಳೆ ವರ್ಷಕ್ಕೆ ಸ್ಥೂಲವಾಗಿ 3,000ದಿಂದ 4,500 ಮಿಲಿಮೀಟರ್. ಮರಗಳು ಹೀರುವುದು, ನೆಲ ಕುಡಿಯುವುದು, ಆವಿಯಾಗಿ ಹೋಗುವುದು, ಊರು ತೋಟಗಳಿಗೆ ಬೇಕಾದುದು, ಹೊಳೆಯಲ್ಲಿ ಮೀನು ಬದುಕಲು ಉಳಿಯಬೇಕಾದುದು, ಇವೆಲ್ಲವನ್ನೂ ಕಳೆದ ಮೇಲೆಯೂ 24 ಟಿಎಂಸಿ ಮಿಗುತ್ತದೆ ಎನ್ನುವುದಾದರೆ ಆ ಲೆಕ್ಕದ ಪ್ರತಿಯೊಂದು ಸಾಲನ್ನೂ ಜನರ ಮುಂದಿಡುವ ಹೊಣೆ ಹಾಗೆಂದವರದು.

ಇದು ಘಟ್ಟದವರಿಗೂ ಬಯಲಿನವರಿಗೂ ನಡುವಿನ ಜಗಳವಲ್ಲ. ಕೋಲಾರದ ಕೆರೆಗಳು ಬತ್ತಿರುವುದೂ, ಆಳದ ಕೊಳವೆಬಾವಿಗಳ ಫ್ಲೋರೈಡ್ ನೀರು ಅಲ್ಲಿನವರ ಮೂಳೆ ಹಲ್ಲುಗಳನ್ನು ಕೆಡಿಸಿರುವುದೂ ನಿಜ. ಇಲ್ಲದ ನೀರನ್ನು ಕಾಗದದ ಮೇಲೆ ತೋರಿಸಿದರೆ ಘಟ್ಟದವರು ಕಾಡನ್ನು ಕಳೆದುಕೊಳ್ಳುತ್ತಾರೆ. ಬಯಲಿನವರು ಕೆರೆಯ ಹೂಳೆತ್ತಲು, ಮಳೆನೀರು ಇಂಗಿಸಲು ಬಳಸಬಹುದಾಗಿದ್ದ ವರ್ಷಗಳನ್ನೂ ಹಣವನ್ನೂ ಕಳೆದುಕೊಳ್ಳುತ್ತಾರೆ.

ಲೆಕ್ಕವನ್ನು ಬಹಿರಂಗವಾಗಿ ಪರಿಶೀಲಿಸಿದಾಗ ಏನಾಗುತ್ತದೆ ಎಂಬುದಕ್ಕೆ ಉತ್ತರ ಕನ್ನಡದಲ್ಲೇ ಸಾಕ್ಷಿಯಿದೆ. ಬೇಡ್ತಿ ಜಲವಿದ್ಯುತ್ ಯೋಜನೆಯ ವಿಚಾರದಲ್ಲಿ ಶಿರಸಿಯ ತೋಟಗಾರರ ಸಹಕಾರ ಸಂಘ ಬರಿಯ ಮನವಿ ಪತ್ರಕ್ಕೆ ನಿಲ್ಲಲಿಲ್ಲ. 1981ರಲ್ಲಿ ಅದು ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ವಿಚಾರ ಸಂಕಿರಣ ನಡೆಸಿತು. ಮುಳುಗುವ ಕಾಡಿಗೂ ತೋಟಕ್ಕೂ ಬೆಲೆ ಕಟ್ಟಿ ಲಾಭ ನಷ್ಟಗಳನ್ನು ತೂಗಿ ನೋಡಲಾಯಿತು. ಆ ಯೋಜನೆ ಮುಂದೆ ಸಾಗಲಿಲ್ಲ.

ವಿಜ್ಞಾನ ಪ್ರಯೋಗಶಾಲೆಯಲ್ಲಿ ಮಾತ್ರ ಇರುವುದೂ ಅಲ್ಲ. 1970ರ ದಶಕದಲ್ಲಿ ಮಾಧವ ಗಾಡ್ಗೀಳರು ಇದೇ ಜಿಲ್ಲೆಯ ಬಿದಿರನ್ನು ಅಧ್ಯಯನ ಮಾಡಿದರು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಇಲಾಖೆಯ ನಂಬಿಕೆಯಾಗಿತ್ತು. ಮುಳ್ಳು ಹೋದರೆ ಎಳೆಯ ಕಳಲೆ ದನಕರು, ಕಾಡುಪ್ರಾಣಿಗಳ ಬಾಯಿಗೆ ಬೀಳುತ್ತದೆ ಎಂದು ಹಳ್ಳಿಗರು ಹೇಳಿದರು. ಕ್ಷೇತ್ರದಲ್ಲಿ ಅಳೆದು ನೋಡಿದಾಗ ಹಳ್ಳಿಗರ ಮಾತೇ ಸರಿಯೆನಿಸಿತು. ಅವರ ಮಾತು ನಿಂತದ್ದು ಅವರು ಹಳ್ಳಿಗರೆಂಬ ಕಾರಣಕ್ಕಲ್ಲ, ಪರೀಕ್ಷೆಯಲ್ಲಿ ಗೆದ್ದ ಕಾರಣಕ್ಕೆ.

ಇದಕ್ಕೆ ವಿರುದ್ಧವಾದ ಪಾಠವೂ ಗಾಡ್ಗೀಳರ ಹೆಸರಿನೊಂದಿಗೇ ಸೇರಿಕೊಂಡಿದೆ. ಅವರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು. ಕೇಂದ್ರ ಮಾಹಿತಿ ಆಯೋಗವೂ ದೆಹಲಿ ಹೈಕೋರ್ಟೂ ಹೇಳಿದ ಮೇಲೆಯೇ, 2012ರ ಮೇ ತಿಂಗಳಲ್ಲಿ, ಅದು ಹೊರಬಂತು. ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂದು ಬಯಸಿದ ವರದಿ ಗ್ರಾಮಗಳನ್ನು ತಲುಪುವ ಮೊದಲೇ ಅದರ ಕುರಿತ ವದಂತಿ ತಲುಪಿತ್ತು. ಓದದ ವರದಿಯನ್ನು ಹೊಗಳಿದವರೂ ಇದ್ದರು, ತೆಗಳಿದವರೂ ಇದ್ದರು. ಮುಚ್ಚಿಟ್ಟ ವಿಜ್ಞಾನದಿಂದ ಯಾರಿಗೂ ಪ್ರಯೋಜನವಿಲ್ಲ.

ಈ ನಿಯಮ ಪರಿಸರ ಚಳವಳಿಗೂ ಅನ್ವಯಿಸಬೇಕು. ತನಗೆ ಅನುಕೂಲವಾದ ವರದಿಯನ್ನು ಎತ್ತಿ ಹಿಡಿದು, ಪ್ರತಿಕೂಲವಾದುದನ್ನು ಗುತ್ತಿಗೆದಾರರ ಕೈವಾಡವೆಂದು ತಳ್ಳಿಹಾಕುವ ಅಭ್ಯಾಸ ಚಳವಳಿಗೆ ಶೋಭಿಸದು. ನಾಳೆ ಹೊಳೆಯ ಅಳತೆ ಹೆಚ್ಚು ನೀರನ್ನೇ ತೋರಿಸಿದರೆ ಅದನ್ನೂ ಒಪ್ಪಬೇಕು. ಆಗಲೂ ವಾದ ಮುಗಿಯುವುದಿಲ್ಲ. ನೀರೆಷ್ಟು ಎಂಬುದನ್ನು ವಿಜ್ಞಾನ ಹೇಳಬಲ್ಲುದು. ಆ ನೀರು ಯಾರಿಗೆ, ಯಾವ ಬೆಲೆ ತೆತ್ತು ಎಂಬುದನ್ನು ಹೇಳಲಾರದು. ಅದು ನ್ಯಾಯದ ಪ್ರಶ್ನೆ, ಜನರೇ ಕೂಡಿ ತೀರ್ಮಾನಿಸಬೇಕಾದ ಪ್ರಶ್ನೆ. ತಜ್ಞರ ಹೆಸರು ಹೇಳಿ ಆ ಹಕ್ಕನ್ನು ಕಸಿಯುವುದು ಎಷ್ಟು ತಪ್ಪೋ, ಜನಾಭಿಪ್ರಾಯದ ಹೆಸರು ಹೇಳಿ ಅಳತೆಯನ್ನು ಅಲ್ಲಗಳೆಯುವುದೂ ಅಷ್ಟೇ ತಪ್ಪು.

ಆದುದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಪ್ರತಿ ಒಡ್ಡಿನಿಂದ ಪ್ರತಿ ತಿಂಗಳು ಎಷ್ಟು ನೀರು ಎತ್ತಲಾಯಿತು, ಕಾಲುವೆಯ ಕೊನೆಗೆ ಎಷ್ಟು ತಲುಪಿತು, ಹೊಳೆಯಲ್ಲಿ ಎಷ್ಟು ಉಳಿಯಿತು ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಿ ಘಟ್ಟದ ಮತ್ತು ಬಯಲಿನ ಗ್ರಾಮ ಪಂಚಾಯಿತಿಗಳಲ್ಲಿ ಇಡಬೇಕು. ಜನರಿಗೂ ಮಾಡಬೇಕಾದ ಕೆಲಸವಿದೆ. ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿ ಹಳೆಯದು. ಆ ಪುಸ್ತಕಗಳು ಕಪಾಟಿನಿಂದ ಹೊರಬರಲಿ. ಶಾಲೆಗೊಂದು ಮಳೆಮಾಪಕ ಬರಲಿ. ಮಕ್ಕಳು ಪ್ರತಿದಿನದ ಮಳೆಯನ್ನೂ ಹಳ್ಳದ ನೀರಿನ ಮಟ್ಟವನ್ನೂ ಬರೆದಿಡಲಿ. ಹತ್ತು ಮಳೆಗಾಲಗಳ ಅಂತಹ ದಾಖಲೆ ಕೈಯಲ್ಲಿರುವ ಊರನ್ನು ‘ಅವೈಜ್ಞಾನಿಕ’ ಎಂಬ ಒಂದು ಮಾತಿನಿಂದ ಬಾಯಿ ಮುಚ್ಚಿಸುವುದು ಯಾವ ಸರ್ಕಾರಕ್ಕೂ ಸುಲಭವಾಗದು.