ಪಟ ಬೇಡ, ಬಾಗಿಲು ತೆಗೀರಿ

ನಾವು ಓದಿದ ಕಾಲೇಜಿನ ಗೋಡೆಯ ಮೇಲೊಂದು ಪಟವಿತ್ತು. ಗಾಲಿಕುರ್ಚಿಯಲ್ಲಿ ಕುತ್ತಿಗೆ ವಾಲಿಸಿ ಕೂತ ಸ್ಟೀಫನ್ ಹಾಕಿಂಗ್. ಕೆಳಗೆ ದಪ್ಪಕ್ಷರದಲ್ಲಿ 'ಮನಸ್ಸಿದ್ದರೆ ಮಾರ್ಗ'. ಪಟ ಇದ್ದದ್ದು ಮೇಲಿನ ಮಹಡಿಯಲ್ಲಿ, ಭೌತಶಾಸ್ತ್ರದ ಲ್ಯಾಬಿನ ಬಾಗಿಲ ಪಕ್ಕ. ಅಲ್ಲಿಗೆ ಹೋಗಲು ಇದ್ದದ್ದು ಮೆಟ್ಟಿಲು ಮಾತ್ರ. ಹಾಕಿಂಗ್ ಖುದ್ದು ಬಂದಿದ್ದರೂ ತನ್ನ ಪಟವನ್ನು ತಾನು ನೋಡುವಂತಿರಲಿಲ್ಲ.

ಗೆಳೆಯರೇ, ಈ ಆಟ ನಮಗೆ ಹೊಸದಲ್ಲ. 'ಅಂಬೇಡ್ಕರ್ ಗೋಣಿತಾಟಿನ ಮೇಲೆ ಕೂತು ಓದಿ ಅಷ್ಟು ದೊಡ್ಡೋರಾಗಲಿಲ್ವೇ, ನಿಮಗ್ಯಾಕೆ ಮೀಸಲಾತಿ?' ಅಂತ ನಮ್ಮನ್ನು ಕೇಳಿದವರು ಎಷ್ಟು ಮಂದಿ! ಆ ಗೋಣಿತಾಟಿನ ಮೇಲೆ ಕೂರಿಸಿದವರು ಯಾರು ಅಂತ ಮಾತ್ರ ಕೇಳಬಾರದು. 1913ರಲ್ಲಿ ಬರೋಡದ ವಿದ್ಯಾರ್ಥಿವೇತನ ಇಲ್ಲದಿದ್ದರೆ ಅವರು ಅಮೆರಿಕದ ಹಡಗು ಹತ್ತುತ್ತಿದ್ದರೇ ಅಂತಲೂ ಕೇಳಬಾರದು. ಗೋಡೆ ಹಾರಿದ ಒಬ್ಬನನ್ನು ತೋರಿಸಿ, ಗೋಡೆಯನ್ನು ಹಾಗೇ ಉಳಿಸಿಕೊಳ್ಳುವುದು. ಹಾರಲಾಗದವರಿಗೆ 'ನಿನಗೇ ಮನಸ್ಸಿಲ್ಲ' ಅನ್ನುವುದು. ಇದೇ ಹುನ್ನಾರ ಈಗ ಅಂಗವಿಕಲರ ಮೇಲೂ ನಡೆದಿದೆ.

ಹಾಕಿಂಗ್ ಬರೀ ಮನಸ್ಸಿನಿಂದ ಬದುಕಿದರೇ? 1963ರಲ್ಲಿ, 21ನೇ ವಯಸ್ಸಿನಲ್ಲಿ, ನರ ಕ್ಷೀಣಿಸುವ ರೋಗ ಗೊತ್ತಾಯಿತು. 1985ರಲ್ಲಿ ನ್ಯುಮೋನಿಯಾ ಬಂದು, ಗಂಟಲಿಗೆ ತೂತು ಕೊರೆದು, ಮಾತೇ ಹೋಯಿತು. ಮುಂದೆ ಅವರ ಪರವಾಗಿ ಮಾತಾಡಿದ್ದು ಕಂಪ್ಯೂಟರು. ಹಗಲೂ ರಾತ್ರಿ ನೋಡಿಕೊಂಡದ್ದು ಮನೆಯವರು ಮತ್ತು ದಾದಿಯರು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಇಲ್ಲದಿದ್ದರೆ ತಾನು ಬದುಕಿರುತ್ತಿರಲಿಲ್ಲ ಎಂದು 2009ರಲ್ಲಿ ಅವರೇ ಹೇಳಿದರು. 2018ರಲ್ಲಿ ತೀರಿಕೊಳ್ಳುವವರೆಗೆ ಅವರ ಹಿಂದೆ ಒಂದು ವ್ಯವಸ್ಥೆಯೇ ನಿಂತಿತ್ತು. ಅದನ್ನೆಲ್ಲ ಕತ್ತರಿಸಿ ಹಾಕಿ, ಕುರ್ಚಿ ಮತ್ತು ಮುಗುಳುನಗೆ ಮಾತ್ರ ಉಳಿಸಿಕೊಂಡು ಪಟ ಮಾಡಿದ್ದಾರೆ.

ಈಗ ನಮ್ಮ ಕೇರಿಗೆ ಬನ್ನಿ. ಒಬ್ಬ ಹುಡುಗಿ. ಕಣ್ಣು ಬಹಳ ಮಂಜು. ಪುಸ್ತಕ ಮೂಗಿಗೆ ತಾಗಿಸಿಕೊಂಡು ಓದೋಳು, ಲೆಕ್ಕ ಬಾಯಲ್ಲೇ ಬಿಡಿಸೋಳು. ಪಿಯುಸಿಗೆ ಸೈನ್ಸ್ ಕೇಳಿದಾಗ ಅರ್ಜಿ ತಗೊಳ್ಳುವವರು ಅಂದರು: 'ಲ್ಯಾಬಲ್ಲಿ ಆಸಿಡ್ ಚೆಲ್ಕೊಂಡ್ರೆ ನಾವ್ ಜವಾಬ್ದಾರರಾ? ಆರ್ಟ್ಸ್ ತಗೊಳಮ್ಮ. ಹೆಂಗೂ ನಿಮ್ಮೋರಿಗೆ ಸ್ಕಾಲರ್‌ಶಿಪ್ ಬರುತ್ತಲ್ಲ.' ಒಂದೇ ಮಾತಲ್ಲಿ ಎರಡು ಏಟು. ಕಣ್ಣಿಗೊಂದು, ಜಾತಿಗೊಂದು. ಆ ದಿನದ ಕೂಲಿ ಬಿಟ್ಟು ಬಂದಿದ್ದ ಅವಳವ್ವ, 'ಆಗ್ಲಿ ಬುದ್ದಿ' ಅಂತ ಕೈಮುಗಿದು ಎದ್ದಳು. ಆ ಮುಗಿದ ಕೈ ನಮ್ಮನ್ನು ಈ ಬರಹ ಬರೆಸಿದೆ.

ಇದೇ ಮಾತು ಆಂಧ್ರದ ಮಚಲೀಪಟ್ಟಣದ ಹತ್ತಿರದ ಹಳ್ಳಿಯ ಶ್ರೀಕಾಂತ್ ಬೊಲ್ಲಾ ಕಿವಿಗೂ ಬಿದ್ದಿತ್ತು. ರೈತಾಪಿ ಮನೆ, ಹುಟ್ಟುಗುರುಡು. ಹತ್ತನೆಯದು ಮುಗಿಸಿ ವಿಜ್ಞಾನ ಕೇಳಿದರೆ, ಕುರುಡರಿಗೆ ಅದಿಲ್ಲ ಎಂದಿತು ಅಲ್ಲಿನ ನಿಯಮ. ಶಿಕ್ಷಕಿಯೊಬ್ಬರ ಬೆಂಬಲದಿಂದ ಕೋರ್ಟಿಗೆ ಹೋಗಿ ಆರು ತಿಂಗಳ ಮೇಲೆ ಗೆದ್ದರು. ಪಾಠಗಳನ್ನು ಧ್ವನಿಮುದ್ರಣದಲ್ಲಿ ಕೇಳಿ ಕಲಿತು 98 ಪ್ರತಿಶತ ತೆಗೆದರು. ಐಐಟಿ ಕೋಚಿಂಗಿನವರು ಸೇರಿಸಿಕೊಳ್ಳಲಿಲ್ಲ; ಅಮೆರಿಕದ ಎಂಐಟಿ ಸೇರಿಸಿಕೊಂಡಿತು. 2012ರಲ್ಲಿ ಹೈದರಾಬಾದಿನಲ್ಲಿ ಸ್ವಂತ ಕಾರ್ಖಾನೆ ಕಟ್ಟಿದರು. 2024ರಲ್ಲಿ ಅವರ ಮೇಲೆ ಹಿಂದಿ ಸಿನಿಮಾ ಬಂತು. ಟಾಕೀಸಿನಲ್ಲಿ ಕಣ್ಣೊರೆಸಿಕೊಂಡ ಪ್ರಾಂಶುಪಾಲರುಗಳೇ, ಮಾರನೇ ದಿನ ನಿಮ್ಮ ಲ್ಯಾಬಿಗೆ ಎಷ್ಟು ಮಂದಿ ಕಣ್ಣು ಕಾಣದ ಮಕ್ಕಳನ್ನು ಬಿಟ್ಟುಕೊಂಡಿರಿ?

'ಕುರುಡರಿಗೆ ಗಣಿತ ಹತ್ತೋದಿಲ್ಲ' ಅನ್ನೋದು ಹಳೇ ಸುಳ್ಳು. ನ್ಯೂಯಾರ್ಕಿನ ವಲಸಿಗ ಯಹೂದಿ ಮನೆಯಲ್ಲಿ 1918ರಲ್ಲಿ ಹುಟ್ಟಿದ ಅಬ್ರಹಾಂ ನೆಮೆತ್‌ಗೂ ಹೀಗೇ ಹೇಳಿ ಮನಶ್ಶಾಸ್ತ್ರದ ಕಡೆ ತಳ್ಳಿದ್ದರು. ಅವರು ತಿರುಗಿ ಗಣಿತಕ್ಕೇ ಬಂದರು. ಬ್ರೈಲಿನಲ್ಲಿ ಇಂಗ್ಲಿಷಿನ ಮೊದಲ ಹತ್ತು ಅಕ್ಷರಗಳಿಗೂ ಅಂಕಿಗಳಿಗೂ ಚುಕ್ಕಿ ಒಂದೇ. ಬೀಜಗಣಿತ ಬರೆದರೆ ಗೋಜಲು. ನೆಮೆತ್ ಅಂಕಿಗಳನ್ನು ಚುಕ್ಕಿಮನೆಯ ಕೆಳಭಾಗಕ್ಕೆ ಇಳಿಸಿದರು, ಘಾತಕ್ಕೆ, ಭಿನ್ನರಾಶಿಗೆ, ವರ್ಗಮೂಲಕ್ಕೆ ಬೇರೆಬೇರೆ ಗುರುತು ಕೊಟ್ಟರು. 1952ರಲ್ಲಿ ಅದು ಅಚ್ಚಾಯಿತು. ಪುಣೆಯಲ್ಲಿ ಬೆಳೆದ, 14ನೇ ವಯಸ್ಸಿಗೆ ಕಣ್ಣು ಕಳಕೊಂಡ ಟಿ.ವಿ. ರಾಮನ್ ಬಾಂಬೆ ಐಐಟಿಯಲ್ಲಿ ಓದಿ, ಗಣಿತದ ಸೂತ್ರಗಳನ್ನು ಕಂಪ್ಯೂಟರಿನಿಂದ ಗಟ್ಟಿಯಾಗಿ ಓದಿಸುವ ವಿಧಾನ ಕಟ್ಟಿ 1994ರಲ್ಲಿ ಕಾರ್ನೆಲ್‌ನಿಂದ ಪಿಎಚ್‌ಡಿ ಪಡೆದರು. ಇವರು ನಮಗೆ ಮಾದರಿ ಯಾಕೆಂದರೆ, ತಾವು ಹತ್ತಿದ ಮೇಲೆ ಹಿಂದೆ ಬರುವವರಿಗೆ ಏಣಿ ಇಟ್ಟು ಹೋದರು. ಏಣಿ ಇದೆ ಸ್ವಾಮಿ. ಅದನ್ನು ನಮ್ಮ ಹಳ್ಳಿ ಶಾಲೆಗೆ ತರುವ ಮನಸ್ಸು ನಿಮಗಿಲ್ಲ.

ಇನ್ನೊಬ್ಬಾಕೆಯ ಕಥೆ ನಮ್ಮ ಎದೆಗೇ ತಾಗುತ್ತದೆ. ಟೆಂಪಲ್ ಗ್ರ್ಯಾಂಡಿನ್, 1947ರಲ್ಲಿ ಬೋಸ್ಟನ್ನಿನಲ್ಲಿ ಹುಟ್ಟಿದ ಆಟಿಸಂ ಇರುವ ಹೆಣ್ಣುಮಗಳು. ಮೂರೂವರೆ ವರ್ಷದವರೆಗೆ ಮಾತಿಲ್ಲ. ಆಕೆ ಯೋಚಿಸುವುದು ಚಿತ್ರಗಳಲ್ಲಿ. ದನ ಎಲ್ಲಿ ಬೆದರುತ್ತದೆ, ಬೇಲಿಗೆ ನೇತುಹಾಕಿದ ಕೋಟಿಗೋ, ತೂಗಾಡುವ ಸರಪಳಿಗೋ, ನೆಲದ ನೆರಳಿಗೋ, ಅಂತ ದನದ ಕಣ್ಣಲ್ಲೇ ನೋಡಿ ಕಸಾಯಿಖಾನೆಗಳಿಗೆ ಬಾಗಿದ ಓಣಿಗಳನ್ನು ರೂಪಿಸಿದರು. ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅವರದು ಅನುಕೂಲಸ್ಥರ ಮನೆ, ಮಾತು ಕಲಿಸುವವರು ಇದ್ದರು, ಖಾಸಗಿ ಶಾಲೆ ಇತ್ತು, ಅದನ್ನೂ ಮರೆಯಬಾರದು. ಆದರೂ ನಾವು ಕೇಳ್ತೀವಿ: ದನದ ಮೈ, ಮೂಳೆ, ತೊಗಲು, ಬೆದರಿಕೆ ಎಲ್ಲ ಬಲ್ಲ ನಮ್ಮ ಅಪ್ಪಂದಿರ ಅರಿವಿಗೆ ಈ ದೇಶ ಕೊಟ್ಟದ್ದೇನು? ಅಲ್ಲಿ ಆ ಅರಿವಿಗೆ ಪ್ರೊಫೆಸರ್ ಕುರ್ಚಿ. ಇಲ್ಲಿ ಅದೇ ಅರಿವಿಗೆ ಮೈಲಿಗೆ, ಊರಾಚೆಯ ಗುಡಿಸಲು!

ಬೇರೆ ಥರ ಯೋಚಿಸುವ ಮಕ್ಕಳು ನಮ್ಮಲ್ಲಿ ಹುಟ್ಟೋದಿಲ್ಲವೇ? ಹುಟ್ಟುತ್ತಾರೆ. ಅಕ್ಷರಕ್ಕೂ ಸದ್ದಿಗೂ ಗಂಟು ಹಾಕಲು ತಡವರಿಸುವ ಮಗು ಕಾನ್ವೆಂಟಿನಲ್ಲಿದ್ದರೆ ಅದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ಸರ್ಟಿಫಿಕೇಟು, ಪರೀಕ್ಷೆಗೆ ಹೆಚ್ಚಿನ ಸಮಯ, ಬರೆದುಕೊಡುವವರು, ಎಲ್ಲ ಸಿಗುತ್ತದೆ. ಅದೇ ಮಗು ಹಟ್ಟಿಯಿಂದ ಬಂದರೆ 'ಇವ್ರ ತಲೇಲಿ ಮಣ್ಣು, ಕೋಟಾದೋರು' ಅಂದು ಹಿಂದಿನ ಬೆಂಚು. 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಮ್ಮನ್ನೂ ಕಲಿಕೆಯ ತೊಡಕನ್ನೂ ಸೇರಿಸಿದೆ. ಕಲಿಕೆಯ ತೊಡಕು ಗುರುತಿಸಲು 2018ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಪರೀಕ್ಷೆ ನಮ್ಮ ಬೆಂಗಳೂರಿನ ನಿಮ್ಹಾನ್ಸಿನಲ್ಲೇ ರೂಪುಗೊಂಡದ್ದು. ಬೆಂಗಳೂರಿನಿಂದ ನಮ್ಮ ಹಟ್ಟಿಗೆ ಅದು ನಡೆದು ಬರಲು ಇನ್ನೆಷ್ಟು ವರ್ಷ ಬೇಕು?

ಪುರೋಹಿತಶಾಹಿಯ ಬಳಿ ಉತ್ತರ ಸಿದ್ಧವಿದೆ: ಪೂರ್ವಜನ್ಮದ ಪಾಪ. ಹೊಲೆಯನಾಗಿ ಹುಟ್ಟಿದರೂ ಅದೇ, ಕುಂಟನಾಗಿ ಹುಟ್ಟಿದರೂ ಅದೇ. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಯಾವ ಜನ್ಮದ ಪಾಪ? 2011ರ ಜನಗಣತಿಯಲ್ಲಿ ದೇಶದ ಒಟ್ಟು ಜನರಲ್ಲಿ ಅಂಗವಿಕಲರು ಶೇ. 2.21, ಪರಿಶಿಷ್ಟ ಜಾತಿಗಳಲ್ಲಿ ಶೇ. 2.45. ಪಾಪ ನಮ್ಮಲ್ಲಿ ಹೆಚ್ಚೋ, ಹಸಿವು, ಕಲ್ಲುಕ್ವಾರಿ, ದೂರದ ಆಸ್ಪತ್ರೆ ನಮ್ಮಲ್ಲಿ ಹೆಚ್ಚೋ?

ಪಾಪ ಅನ್ನೋಕೆ ನಾಚಿಕೆಯಾದಾಗ ದೇವರ ಹೆಸರು ಕೊಡುತ್ತಾರೆ. ನಮಗೆ 'ಹರಿಜನ' ಅಂದರು. ಹರಿಯ ಜನರಾಗಿಯೂ ಎಷ್ಟೋ ಗುಡಿಗಳ ಹೊರಗೇ ನಿಂತೆವು. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ಅಂಗವಿಕಲರಿಗೆ 'ದಿವ್ಯಾಂಗ' ಅನ್ನಿ ಅಂದರು. ದಿವ್ಯವಾದ ಅಂಗಕ್ಕೂ ಇಳಿಜಾರು ಬೇಕಲ್ಲ ಸ್ವಾಮಿ, ಅದೆಲ್ಲಿ?

ಬೇರೆಯವರನ್ನು ಬೈದು ನಾವು ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಮೆರವಣಿಗೆಗಳಲ್ಲಿ 'ಕುರುಡು ಸರ್ಕಾರ, ಕಿವುಡು ಸರ್ಕಾರ' ಅಂತ ಕೂಗಿದವರು ನಾವೇ. ಸರ್ಕಾರಕ್ಕೆ ಕಣ್ಣು ಚೆನ್ನಾಗಿದೆ. ಎಲ್ಲ ನೋಡಿಯೂ ಸುಮ್ಮನಿದೆ. ಅದರ ದ್ರೋಹಕ್ಕೆ ನಮ್ಮ ಹುಡುಗಿಯ ಕಣ್ಣಿನ ಹೆಸರಿಟ್ಟೆವು. ನಮ್ಮ ಕವಿಗೋಷ್ಠಿಗಳೂ ಮಹಡಿ ಮೇಲೆಯೇ ನಡೆದವು. ಈ ತಪ್ಪು ನಮ್ಮದು. ಇನ್ನು ಆ ಕೂಗು ನಮ್ಮ ಬಾಯಲ್ಲಿ ಬರಬಾರದು, ಆ ಮಹಡಿ ನಮ್ಮ ಸಭೆಗೆ ಬೇಡ.

ನಾವು ಕೇಳ್ತಿರೋದು ದಾನವಲ್ಲ. ಉನ್ನತ ಶಿಕ್ಷಣದಲ್ಲಿ ಶೇ. 5 ಸೀಟು, ಸರ್ಕಾರಿ ನೌಕರಿಯಲ್ಲಿ ಶೇ. 4 ಹುದ್ದೆ ಅಂತ 2016ರ ಕಾಯಿದೆಯಲ್ಲೇ ಇದೆ. ಪಿಯುಸಿಯಲ್ಲೇ ಸೈನ್ಸಿನ ಬಾಗಿಲು ಮುಚ್ಚಿದರೆ ಆ ಸೀಟಿಗೆ ಯಾರು ತಲುಪುತ್ತಾರೆ? ಮೊದಲು ಲ್ಯಾಬನ್ನು ಕೆಳಗಿನ ಅಂತಸ್ತಿಗೆ ಇಳಿಸಿ. ಮುಟ್ಟಿ ತಿಳಿಯುವ ನಕ್ಷೆ, ಮಾತಾಡುವ ತಕ್ಕಡಿ, ಜೊತೆಗೊಬ್ಬ ಸಹಾಯಕ ಕೊಡಿ. ವಿಜ್ಞಾನದ ಪುಸ್ತಕ ಕನ್ನಡ ಬ್ರೈಲಿನಲ್ಲೂ ಧ್ವನಿಯಲ್ಲೂ ಬರಲಿ. ಹಟ್ಟಿ ಶಾಲೆಯ ಮೇಷ್ಟ್ರಿಗೆ ದಡ್ಡತನಕ್ಕೂ ಕಲಿಕೆಯ ತೊಡಕಿಗೂ ಇರುವ ವ್ಯತ್ಯಾಸ ಕಲಿಸಿ.

ಆ ಹುಡುಗಿ ಈಗ ಬಿಎ ಓದುತ್ತಿದ್ದಾಳೆ. ಈಗಲೂ ಕೇರಿಯ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುತ್ತಾಳೆ. ಅವಳ ತಂಗಿ ಬರುವ ವರ್ಷ ಪಿಯುಸಿಗೆ ಅರ್ಜಿ ಹಾಕುತ್ತಾಳೆ. ಅವಳಿಗೂ ಅದೇ ಕಣ್ಣು. ಈ ಸಲ ಅವ್ವನ ಜೊತೆ ನಾವೂ ಬರುತ್ತೇವೆ. ಯಾರೂ ಕೈಮುಗಿಯುವುದಿಲ್ಲ.