ಪೂಜೆಯಲ್ಲಿ ಏನು ಕೊರತೆಯಿತ್ತು?

ಯಲಹಂಕದ ಹಳೆಯ ಊರಿನಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ಹಲವು ವರ್ಷಗಳಿಂದ ಬರುತ್ತಿರುವ ತಾಯಿಯೊಬ್ಬರಿದ್ದಾರೆ. ಮೊದಲೆಲ್ಲ ಮೊಣಕಾಲು ನೋವಿಗೆಂದು ಬರುತ್ತಿದ್ದರು. ಈಗ ನಿದ್ರೆ ಬಾರದೆಂದು, ಅನ್ನ ಸೇರದೆಂದು ಬರುತ್ತಾರೆ. 2021ರ ಮೇ ತಿಂಗಳಿನಲ್ಲಿ ಅವರ ಯಜಮಾನರು ಕೋವಿಡ್‌ನಿಂದ ತೀರಿಕೊಂಡರು. ಎರಡು ದಿನ ಅಲೆದ ಮೇಲೆ ಆಸ್ಪತ್ರೆಯಲ್ಲಿ ಹಾಸಿಗೆ ದೊರೆಯಿತು. ಅಲ್ಲಿಂದ ಹನ್ನೊಂದು ದಿನ ಈ ತಾಯಿ ಮನೆಯಲ್ಲಿ ಒಬ್ಬರೇ ಕುಳಿತು ಮೂರು ಹೊತ್ತೂ ಇಷ್ಟಲಿಂಗ ಪೂಜೆ ಮಾಡಿದರು. ಹನ್ನೆರಡನೆಯ ದಿನ ಬೆಳಗಿನ ಜಾವ ಫೋನ್ ಬಂತು. ವಿಭೂತಿ ಧರಿಸಿ, ಕೈಯಲ್ಲಿ ಇಷ್ಟಲಿಂಗವಿರಿಸಿ, ಕುಳ್ಳಿರಿಸಿ ಸಮಾಧಿ ಮಾಡುವ ನಮ್ಮ ಪದ್ಧತಿಗೂ ಅಂದು ಅವಕಾಶವಾಗಲಿಲ್ಲ. ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದ ದಿನಗಳವು. ಯಲಹಂಕದವರಾರೂ ಅದನ್ನು ಮರೆತಿರಲಾರರು.

ಕೆಲವು ತಿಂಗಳ ಹಿಂದೆ ನಾನು ನಾಡಿ ಹಿಡಿದು ಕುಳಿತಿದ್ದಾಗ ಅವರು ಇದ್ದಕ್ಕಿದ್ದಂತೆ ಕೇಳಿದರು: “ಡಾಕ್ಟ್ರೇ, ಒಂದು ಹೊತ್ತೂ ತಪ್ಪಿಸಲಿಲ್ಲ ನಾನು. ನನ್ನ ಪೂಜೆಯಲ್ಲಿ ಏನು ಕೊರತೆ ಆಯ್ತು, ನೀವಾದರೂ ಹೇಳಿ.” ಸಾವಿನ ಮನೆಗೆ ಮಾತನಾಡಿಸಲು ಬಂದ ಹತ್ತಿರದ ನೆಂಟರೊಬ್ಬರು, “ಪೂರ್ಣ ನಂಬಿ ಮಾಡಿದ್ದರೆ ಲಿಂಗದೇವ ಕೈಬಿಡುತ್ತಿರಲಿಲ್ಲ” ಎಂದಿದ್ದರಂತೆ. ಅಂದಿನಿಂದ ಅವರು ಪೂಜೆಗೆ ಕುಳಿತಿಲ್ಲ. ಇಷ್ಟು ವರ್ಷ ಆ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ನನ್ನಿಂದ ನಿದ್ರೆಗೆ ಔಷಧಿ ಒಯ್ಯುತ್ತಿದ್ದರು. ನಾನೂ ಕೊಡುತ್ತಿದ್ದೆ. ಪಾದಗಳಿಗೆ ಎಣ್ಣೆ ತಿಕ್ಕಿಕೊಳ್ಳಿರಿ, ರಾತ್ರಿ ಬಿಸಿ ಹಾಲು ಕುಡಿಯಿರಿ ಎಂದು ಹೇಳುತ್ತಿದ್ದೆ. ರೋಗದ ಮೂಲ ಬೇರೆಲ್ಲೋ ಇತ್ತು.

ಆರೋಗ್ಯದ ಪುಟಗಳಲ್ಲಿ ಪ್ರಾರ್ಥನೆಯ ವಿಚಾರವೇಕೆಂದು ಸದ್ಭಕ್ತರು ಕೇಳಬಹುದು. ‘ನಿನ್ನ ಭಕ್ತಿ ಸಾಲದಾಯಿತು’ ಎಂಬ ಮಾತು ಮನುಷ್ಯನನ್ನು ಕಾಯಿಲೆ ಬೀಳಿಸುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿರುವುದರಿಂದ ಈ ಬರಹ.

2016ರ ಫೆಬ್ರವರಿಯನ್ನು ನೆನೆಯೋಣ. 3ನೆಯ ತಾರೀಕಿನಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆಯೇ ಕುಸಿಯಿತು. 19,600 ಅಡಿ ಎತ್ತರದಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಅದರಡಿ ಹೂತುಹೋದರು. ಎಲ್ಲರೂ ಆಸೆ ಬಿಟ್ಟಿದ್ದಾಗ, 8ರ ರಾತ್ರಿ ಅವರಲ್ಲೊಬ್ಬರು ಉಸಿರಾಡುತ್ತಿರುವುದು ತಿಳಿಯಿತು. ಅವರು ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ನಾಡೆಲ್ಲ ಬೆರಗಾಯಿತು. ಪ್ರಾರ್ಥನೆ ಫಲಿಸಿತು ಎಂದು ಕಣ್ಣೊರೆಸಿಕೊಂಡವರೆಷ್ಟೋ ಮಂದಿ. ದೆಹಲಿಯ ಸೇನಾ ಆಸ್ಪತ್ರೆಗೆ ಅವರನ್ನು ಕರೆತಂದ ಮೇಲೆ ಮಠ, ಗುಡಿ, ಮಸೀದಿಗಳಲ್ಲೆಲ್ಲ ಅವರ ಹೆಸರಿನಲ್ಲಿ ಪ್ರಾರ್ಥನೆ ನಡೆಯಿತು. ನನ್ನ ಚಿಕಿತ್ಸಾಲಯದ ಹೊರಗಿನ ಬೆಂಚಿನ ಮೇಲೆ ಕುಳಿತ ರೋಗಿಗಳೂ ತಮ್ಮ ನೋವು ಬಿಟ್ಟು ಅವರ ಸುದ್ದಿಯನ್ನೇ ಕೇಳುತ್ತಿದ್ದರು. 11ರಂದು ಮಧ್ಯಾಹ್ನವಾಗುವ ಮೊದಲೇ ಹನುಮಂತಪ್ಪನವರು ತೀರಿಕೊಂಡರು.

ಮೂರು ದಿನಗಳ ಅಂತರದಲ್ಲಿ ಪ್ರಾರ್ಥನೆ ಫಲಿಸಿತು, ಮತ್ತೆ ಫಲಿಸಲಿಲ್ಲ ಎನ್ನಬೇಕೆ? ಉಳಿದ ಒಂಬತ್ತು ಮಂದಿಯಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಗಳ ಯೋಧರೂ ಇದ್ದರು. ಆ ಮನೆಗಳಲ್ಲಿ ದೀಪ ಹಚ್ಚಿರಲಿಲ್ಲವೆ? ಒಬ್ಬರು ಬದುಕಿದ್ದಾರೆಂಬ ಸುದ್ದಿ ಬಂದ ಆ ದಿನ ಉಳಿದ ಒಂಬತ್ತು ತಾಯಂದಿರ ಮುಂದೆ ‘ಪ್ರಾರ್ಥನೆ ಫಲಿಸಿತು’ ಎಂದು ನಾವು ಹೇಳಬಲ್ಲೆವೆ? ಹೇಳಲಾಗದು. ಯಾವ ಮಾತನ್ನು ನೊಂದವರ ಎದುರಿಗೆ ನಿಂತು ಆಡಲಾಗದೋ ಆ ಮಾತಿನಲ್ಲಿ ಏನೋ ತಪ್ಪಿದೆಯೆಂದು ನನಗೆ ತೋರುತ್ತದೆ. ಬದುಕಿ ಬಂದವರ ಮನೆಯವರು ಲಿಂಗದೇವನಿಗೆ ಕೃತಜ್ಞತೆ ಸಲ್ಲಿಸುವುದು ಸಹಜ, ಉಚಿತ. ಅದನ್ನೇ ನಿಯಮವಾಗಿ ಮಾಡಿ ಪಕ್ಕದ ಮನೆಯವರನ್ನು ಅಳೆಯಹೊರಟರೆ ಅದು ಕ್ರೌರ್ಯವಾಗುತ್ತದೆ.

ನಮ್ಮ ಪರಂಪರೆಯಲ್ಲಂತೂ ಈ ಅಳತೆಗೆ ಎಡೆಯೇ ಇಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೋಡಿರಿ. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಬಸವಣ್ಣನವರು ಕಲ್ಯಾಣವನ್ನು ತೊರೆದರು. ಚೆನ್ನಬಸವಣ್ಣನವರೊಡನೆ ಹೊರಟ ಶರಣರು ಕಾಡುಮೇಡು ಅಲೆದು ಉಳವಿಯನ್ನು ಸೇರಿದರು. ತಮ್ಮ ಕಾಲಿನ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಪ್ಪಿಸಿದರೆಂದು ನಾವು ಇಂದಿಗೂ ಸ್ಮರಿಸುವ ಆ ದಂಪತಿಗಳ ಭಕ್ತಿಯಲ್ಲಿ ಕೊರತೆಯಿತ್ತು ಎನ್ನುವ ಧೈರ್ಯ ಯಾರಿಗಿದೆ? ಹರಳಯ್ಯನವರನ್ನು ಉಳಿಸದ ಪೂಜೆ ಯಲಹಂಕದ ಒಬ್ಬ ಗೃಹಿಣಿಯ ಪತಿಯನ್ನು ಉಳಿಸಲೇಬೇಕಿತ್ತು, ಉಳಿಸಲಿಲ್ಲವಾದ್ದರಿಂದ ತಪ್ಪು ಆಕೆಯದು ಎನ್ನುವುದು ಯಾವ ನ್ಯಾಯ? ಆ ತಾಯಿಗೆ ನಾನು ಕೊಟ್ಟ ಉತ್ತರ ಇದೇ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹರಳಯ್ಯನವರ ಹೆಂಡತಿ ಆಮೇಲೆ ಪೂಜೆ ಮಾಡಿದರೋ ಇಲ್ಲವೋ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ, ಇನ್ನು ಉಳಿಯಲಾರರೆಂದು ಗೊತ್ತಾದ ರೋಗಿಗಳ ಮನೆಯವರಿಗೆ “ದೇವರ ಮೇಲೆ ಭಾರ ಹಾಕಿ, ಚೆನ್ನಾಗಿ ಪ್ರಾರ್ಥನೆ ಮಾಡಿ” ಎಂದು ಹೇಳಿ ಕಳುಹಿಸುತ್ತಿದ್ದೆ. ಅದು ಭಕ್ತಿಯ ಮಾತಾಗಿರಲಿಲ್ಲ. ಸತ್ಯ ಹೇಳುವ ಕಷ್ಟದಿಂದ ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ಅವರು ಅದನ್ನು ಚಿಕಿತ್ಸೆಯ ಸೂಚನೆಯೆಂದೇ ತಿಳಿದು ಹಗಲಿರುಳು ಪ್ರಾರ್ಥಿಸುತ್ತಿದ್ದರು. ರೋಗಿ ತೀರಿಕೊಂಡಾಗ ತಮ್ಮಿಂದಲೇ ಏನೋ ತಪ್ಪಿತೆಂದು ಕೊರಗುತ್ತಿದ್ದರು. ಚರಕಾಚಾರ್ಯರು ಸಾಧ್ಯ ಯಾವುದು, ಅಸಾಧ್ಯ ಯಾವುದು ಎಂದು ವೈದ್ಯನು ಮೊದಲು ಅರಿಯಬೇಕೆಂದು ವಿಧಿಸಿದ್ದಾರೆ. ಮರಣಸೂಚಕ ಲಕ್ಷಣಗಳಿಗಾಗಿಯೇ ಇಂದ್ರಿಯಸ್ಥಾನವೆಂಬ ಹನ್ನೆರಡು ಅಧ್ಯಾಯಗಳ ಭಾಗವಿದೆ. ಅದನ್ನು ಓದಿ ಪರೀಕ್ಷೆ ಪಾಸಾದ ನಾನು ರೋಗಿಯ ಮನೆಯವರ ಮುಂದೆ ಬಾಯಿ ಬಿಡಲು ಹೆದರುತ್ತಿದ್ದೆ.

ಅದೇ ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ಚಿಕಿತ್ಸೆಯು ಮೂರು ಬಗೆಯೆಂದು ಹೇಳಿದೆ: ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ. ಮಂತ್ರ, ನಿಯಮ, ಉಪವಾಸ, ನಮಸ್ಕಾರಗಳು ಮೊದಲನೆಯದರಲ್ಲಿ ಬರುತ್ತವೆ. ಆಹಾರ ಮತ್ತು ಔಷಧಿಗಳ ಯೋಜನೆ ಎರಡನೆಯದು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆಳೆಯುವುದು ಮೂರನೆಯದು. ಮೊದಲನೆಯದೊಂದಿದ್ದರೆ ಸಾಕು, ಉಳಿದೆರಡು ಬೇಡ ಎಂದು ಆಚಾರ್ಯರು ಎಲ್ಲಿಯೂ ಹೇಳಿಲ್ಲ. ಶ್ರಾವಣ ಮಾಸ ಬಂತೆಂದರೆ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಉಪವಾಸ ಕೂರುವವರನ್ನೂ, ಹರಕೆ ಹೊತ್ತಿದ್ದೇನೆಂದು ರಕ್ತದೊತ್ತಡದ ಗುಳಿಗೆ ಬಿಟ್ಟವರನ್ನೂ ನಾನು ಪ್ರತಿವರ್ಷ ಬೈಯುತ್ತೇನೆ. ಅವರು ನನ್ನ ಮೇಲೆ ಮುನಿಸಿಕೊಂಡರೂ ಚಿಂತೆಯಿಲ್ಲ.

ಪ್ರಾರ್ಥನೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದವರೂ ಇದ್ದಾರೆ. ಅಮೆರಿಕದ ಹರ್ಬರ್ಟ್ ಬೆನ್ಸನ್ ಎಂಬ ವೈದ್ಯರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳಿದ್ದರು. ಒಂದು ಗುಂಪಿಗಾಗಿ ಅಪರಿಚಿತರು ಪ್ರಾರ್ಥಿಸಿದರು, ಇನ್ನೊಂದಕ್ಕಾಗಿ ಪ್ರಾರ್ಥಿಸಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂಬುದು ಈ ಎರಡು ಗುಂಪಿನವರಿಗೂ ತಿಳಿದಿರಲಿಲ್ಲ. ಮೊದಲನೆಯದರಲ್ಲಿ ಶೇ. 52, ಎರಡನೆಯದರಲ್ಲಿ ಶೇ. 51 ಮಂದಿಗೆ ತೊಡಕುಗಳಾದವು. ಎಂದರೆ ವ್ಯತ್ಯಾಸವಿಲ್ಲ. ಮೂರನೆಯ ಗುಂಪಿಗೆ ‘ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ’ ಎಂದು ಮೊದಲೇ ತಿಳಿಸಿ ಪ್ರಾರ್ಥಿಸಿದ್ದರು. ಅಲ್ಲಿ ತೊಡಕು ಶೇ. 59ಕ್ಕೆ ಏರಿತು. ಅದು ಆಕಸ್ಮಿಕವೂ ಇರಬಹುದೆಂದು ಸಂಶೋಧಕರೇ ಹೇಳಿದ್ದಾರೆ. ಆದರೂ ಓದಿದಾಗ ನನಗೆ ಹೊಳೆದದ್ದು ಆ ರೋಗಿಗಳ ಎದೆಯ ಮೇಲಿನ ಭಾರ. ಇಷ್ಟು ಜನ ಬೇಡಿಕೊಳ್ಳುತ್ತಿದ್ದಾರೆ, ನಾನು ಗುಣವಾಗಲೇಬೇಕು ಎಂಬ ಭಾರ.

ಪ್ರಾರ್ಥಿಸುವವರ ಸಂಗತಿ ಬೇರೆ. 2001ರಲ್ಲಿ ಇಟಲಿಯ ವೈದ್ಯರು 23 ಮಂದಿ ಆರೋಗ್ಯವಂತರಿಂದ ಜಪಮಾಲೆಯ ಪ್ರಾರ್ಥನೆಯನ್ನೂ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಲಯ ಹದಗೊಂಡಿತು. ಅಂಗೈಯ ಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಪೂಜೆಯನ್ನು ಉಸಿರಿನ ವ್ಯಾಯಾಮವೆಂದು ಮಾರುವುದು ನನಗೆ ಸಮ್ಮತವಲ್ಲ. ರಕ್ತದೊತ್ತಡ ಇಳಿಯಲೆಂದು ಯಾವ ಶರಣರೂ ಲಿಂಗ ಹಿಡಿಯಲಿಲ್ಲ.

ಹಾಗಾದರೆ ಉತ್ತರ ಬಾರದ ಪ್ರಾರ್ಥನೆಯಿಂದ ಏನು ಪ್ರಯೋಜನ? ಫಲವನ್ನು ಬೇಡದೆ ಪ್ರಾರ್ಥಿಸುವಷ್ಟು ದೊಡ್ಡವನು ನಾನಲ್ಲ. ನನ್ನ ತಮ್ಮನ ಮೂತ್ರಪಿಂಡಗಳು ಸೋತು ಅವನು ಎಂಟು ತಿಂಗಳು ಡಯಾಲಿಸಿಸ್‌ನಲ್ಲಿದ್ದಾಗ, ಅವನು ಉಳಿಯಲಿ ಎಂದೇ ನಾನು ನಿತ್ಯ ಬೇಡಿದೆ. ಗ್ರಂಥದಲ್ಲಿ ಓದಿದ ಲಕ್ಷಣಗಳು ಒಂದೊಂದಾಗಿ ಅವನ ಮುಖದಲ್ಲಿ ಕಾಣತೊಡಗಿದ ಮೇಲೂ ಬೇಡಿದೆ. ಅವನು ಉಳಿಯಲಿಲ್ಲ. ಬೇಡಿದ್ದು ಸಿಗಲಿಲ್ಲ ಎಂಬುದನ್ನು ಯಾವ ವ್ಯಾಖ್ಯಾನದಿಂದಲೂ ನಾನು ಮುಚ್ಚಿಡುವುದಿಲ್ಲ. ಆದರೆ ಅವನ ಹಾಸಿಗೆಯ ಬಳಿ ಕೂರಲಾಗದೆ ಓಡಿಹೋಗಬೇಕೆನಿಸುತ್ತಿದ್ದ ನಾನು, ಬೆಳಗಿನ ಪೂಜೆ ಮುಗಿಸಿದ ದಿನ ಹೋಗಿ ಅವನ ಕಾಲು ಒತ್ತುತ್ತ ಕೂರುತ್ತಿದ್ದೆ. ಪೂಜೆ ತಪ್ಪಿದ ದಿನ ಏನಾದರೊಂದು ಕೆಲಸದ ನೆಪ ಹುಡುಕುತ್ತಿದ್ದೆ. ಕೊನೆಯ ದಿನಗಳಲ್ಲಿ ಅವನು “ಅಣ್ಣಾ, ಬಂದೆಯಾ” ಎಂದು ಕಣ್ಣು ತೆರೆಯುತ್ತಿದ್ದ. ಅಲ್ಲಿ ನಾನಿದ್ದೆ. ಪ್ರಾರ್ಥನೆಯಿಲ್ಲದೆ ಇರುತ್ತಿದ್ದೆನೋ ಇಲ್ಲವೋ, ನನ್ನ ಸ್ವಭಾವ ಬಲ್ಲ ನನಗೆ ಅನುಮಾನ.

ಸಿದ್ಧಗಂಗೆಯ ಪೂಜ್ಯರು ಅಸ್ವಸ್ಥರಾಗಿದ್ದಾಗ ನಾಡಿನ ಮೂಲೆಮೂಲೆಯಲ್ಲಿ ನಡೆದ ಪ್ರಾರ್ಥನೆ ನಿಮ್ಮೆಲ್ಲರ ನೆನಪಿನಲ್ಲಿದೆ. 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ಹೊರಗೆ ತಿಳಿಸಲಾಯಿತು. ನಾವು ಬೇಡಿದ್ದು ಅವರ ಆಯುಷ್ಯವನ್ನು. ಅಂದು ಅಲ್ಲಿ ತಪ್ಪದೆ ನಡೆದದ್ದು ಮಕ್ಕಳ ಊಟ. ನಿತ್ಯ ಪೂಜೆಯ ಫಲ ಎಲ್ಲಿ ಕಾಣಬೇಕೆಂದು ಯಾರಾದರೂ ನನ್ನನ್ನು ಕೇಳಿದರೆ ಆ ಪಂಕ್ತಿಯನ್ನು ತೋರಿಸುತ್ತೇನೆ.

ಸದ್ಭಕ್ತರಲ್ಲಿ ಒಂದು ವಿನಂತಿ. ಸಾವಾದ ಮನೆಗೆ ಹೋದಾಗ ಪೂಜೆ ಹೇಗೆ ಮಾಡಿದಿರಿ, ಯಾವ ಹರಕೆ ಹೊತ್ತಿದ್ದಿರಿ ಎಂದು ಕೇಳಬೇಡಿರಿ. ಒಂದು ಡಬ್ಬಿಯಲ್ಲಿ ಅನ್ನ ಸಾರು ಒಯ್ದು, ಅವರು ಉಣ್ಣುವವರೆಗೆ ಕುಳಿತಿರಿ. ನಿದ್ರೆಯಿಲ್ಲದೆ, ಊಟವಿಲ್ಲದೆ ತಿಂಗಳುಗಳು ಕಳೆದರೆ, ತಮ್ಮದೇ ತಪ್ಪೆಂದು ಮತ್ತೆ ಮತ್ತೆ ಹೇಳುತ್ತಿದ್ದರೆ, ವೈದ್ಯರ ಬಳಿಗೆ ಕರೆತನ್ನಿರಿ. ಅಗತ್ಯವಾದರೆ ಮನೋವೈದ್ಯರ ಬಳಿಗೂ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆ ತಾಯಿ ಕಳೆದ ವಾರವೂ ಬಂದಿದ್ದರು. ರಾತ್ರಿ ನಾಲ್ಕೈದು ಗಂಟೆ ನಿದ್ರೆ ಬರುತ್ತಿದೆಯಂತೆ. ಪೂಜೆಯ ಮಾತನ್ನು ನಾನಾಗಿ ಎತ್ತಲಿಲ್ಲ. ಹೊರಡುವಾಗ ಅವರೇ, “ಕರಡಿಗೆ ತೆಗೆದು ಒರೆಸಿ ಇಟ್ಟಿದ್ದೇನೆ ಡಾಕ್ಟ್ರೇ, ಇನ್ನೂ ಕೂತಿಲ್ಲ” ಎಂದರು. ಕೂತಾಗ ಕೂರಿ ತಾಯಿ ಎಂದು ಹೇಳಿ, ಹದಿನೈದು ದಿನಕ್ಕೆ ಔಷಧಿ ಕಟ್ಟಿಕೊಟ್ಟೆ.