ಕಡಲ ಉಪ್ಪು, ಫೋನಿನ ಕಿಂಡಿ
ಸುರತ್ಕಲ್‌ನಲ್ಲಿ ಯಾರದ್ದಾದರೂ ಫೋನು ಚಾರ್ಜ್ ಆಗುವುದಿಲ್ಲ ಎಂದರೆ ನನಗೆ ಮೊದಲು ಅನುಮಾನ ಬರುವುದು ಕಡಲಿನ ಮೇಲೆ. ಎನ್‌ಐಟಿಕೆ ಬೀಚಿನಲ್ಲಿ ಒಂದು ಸಂಜೆ ಕಳೆದರೆ ಕನ್ನಡಕದ ಗಾಜಿಗೆ ಅಂಟುವ ಉಪ್ಪಿನ ಪಸೆಯೇ ಚಾರ್ಜಿಂಗ್ ಕಿಂಡಿಯೊಳಗೂ ಕೂರುತ್ತದೆ. ಜೇಬಿನ ನೂಲುಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ. ಟೈಪ್-ಸಿ ಕಿಂಡಿಯಲ್ಲಿರುವುದು 24 ಪುಟಾಣಿ ಲೋಹದ ಪಟ್ಟಿಗಳು. ಉಪ್ಪುತೇವದಲ್ಲಿ ವಿದ್ಯುತ್ ಹರಿದರೆ ಅವು ಬೇಗನೆ ಸವೆದು ಕಿಲುಬು ಹಿಡಿಯುತ್ತವೆ. ಹಾಗಾಗಿ ಒದ್ದೆ ಫೋನನ್ನು ಚಾರ್ಜಿಗೆ ಹಾಕಲೇಬಾರದು. ಒಣಗಿದ್ದರೆ ಮೊದಲು ಬೇರೆ ವಯರು, ಬೇರೆ ಅಡಾಪ್ಟರು ಹಾಕಿ ನೋಡಿ; ಎಷ್ಟೋ ಸಲ ತಕರಾರು ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ಫೋನು ಆಫ್ ಮಾಡಿ, ಟಾರ್ಚ್ ಬೆಳಕಲ್ಲಿ ಇಣುಕಿ, ಮರದ ಹಲ್ಲುಕಡ್ಡಿಯಿಂದ ಧೂಳನ್ನು ಮೆಲ್ಲಗೆ ಎಬ್ಬಿಸಿ. ಸೂಜಿ, ಪಿನ್ನು ಬೇಡ. ಆಟಿ ತಿಂಗಳ ಮಳೆಗೆ ನೆನೆದ ಫೋನನ್ನು ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತಿಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಬಿಡಿ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ. 2024ರಲ್ಲಿ ಆಪಲ್ ಕಂಪನಿಯೂ ಇದನ್ನೇ ಹೇಳಿತು. ಕಿಂಡಿಯನ್ನು ಕೆಳಮುಖ ಮಾಡಿ, ಅಂಗೈಗೆ ಹಗುರಾಗಿ ತಟ್ಟಿ, ಗಾಳಿಯಾಡುವ ಕಡೆ ಒಣಗಲು ಬಿಡಿ. ಫೋನಿನ ಬೆನ್ನು ಉಬ್ಬಿದ್ದರೆ ಮಾತ್ರ ಈ ಯಾವುದನ್ನೂ ಮಾಡದೆ, ಒತ್ತದೆ, ಚಾರ್ಜಿಗೂ ಹಾಕದೆ, ಸೀದಾ ರಿಪೇರಿಯವರ ಕೈಗೆ ಕೊಡಿ.